ಬದುಕಿದ್ದವನ ಕೌದಿ

ತನ್ನ ಹೆಸರಿನ ಕೌದಿಯ ಮುಂದೆ ನಿಂತು ಹಾಲಿಸ್ ಮೊದಲು ಮಾಡಿದ ಕೆಲಸವೆಂದರೆ ಕನ್ನಡಕ ಒರೆಸಿಕೊಂಡದ್ದು. ಒರೆಸಿ ಹಾಕಿಕೊಂಡು ನೋಡಿದರೂ ಹೆಸರು ಅದೇ ಇತ್ತು. ಹಾಲಿಸ್ ವಿಕ್‌ಸ್ಟ್ರಮ್. ಕೆಂಪು ಬಟ್ಟೆಯ ಅಕ್ಷರಗಳು, ಒಂದೊಂದೂ ಅಂಗೈ ಅಗಲ. ಅದರ ಕೆಳಗೆ ಹುಟ್ಟಿದ್ದು 1953, ತೀರಿಕೊಂಡದ್ದು 1994. ಹುಟ್ಟಿದ್ದೇನೋ ಸರಿಯೇ. ತೀರಿಕೊಂಡದ್ದು ಮಾತ್ರ ಸ್ವಲ್ಪ ಅವಸರದ ಮಾತಾಯಿತು, ಯಾಕೆಂದರೆ ಎಪ್ಪತ್ತಕ್ಕೆ ಒಂದು ಕಮ್ಮಿ ವಯಸ್ಸಿನ ಹಾಲಿಸ್ ಮಂಡಿಗೆ ಹಚ್ಚಿದ ಮುಲಾಮಿನ ವಾಸನೆ ಬೀರುತ್ತ ಅದರ ಎದುರಿಗೇ ನಿಂತಿದ್ದ.

"ಇವ್ರು ನಿಮಗೇನಾಗ್ಬೇಕು?" ಎಂದು ಒಡೆಸ್ಸಾ ಮೆಲ್ಲಗೆ ಕೇಳಿದಳು. ಸ್ಯಾನ್ ಫ್ರಾನ್ಸಿಸ್ಕೋದ ಆ ಗೋದಾಮಿನಲ್ಲಿ ಹರಿದ ಕೌದಿಗಳಿಗೆ ಹೊಲಿಗೆ ಹಾಕುವವಳು ಅವಳು. ತಮ್ಮನದೊಂದು ಕೌದಿ ಹೊಲಿದು ಕೊಟ್ಟು ಹೋಗೋಣವೆಂದು ಯಾವ ಕಾಲದಲ್ಲೋ ಬಂದವಳು, ಸೂಜಿ ಹಿಡಿದು ಅಲ್ಲೇ ಕೂತುಬಿಟ್ಟಿದ್ದಳು. ಈಗ ಕೂದಲು ಬೆಳ್ಳಗಾಗಿತ್ತು.

"ನಾನೇ," ಅಂದ ಹಾಲಿಸ್.

"ಹೊಲಿದೋರು ನೀವೇನಾ?"

"ಅಲ್ಲಮ್ಮ. ಸತ್ತಿರೋನು ನಾನೇ."

ಕೌದಿಯ ಮುಂದೆ ಅಳುವವರನ್ನು ಒಡೆಸ್ಸಾ ಲೆಕ್ಕವಿಲ್ಲದಷ್ಟು ಕಂಡಿದ್ದಳು. ನೆಲಕ್ಕೆ ಕುಸಿಯುವವರು, ಬಟ್ಟೆಗೆ ಮುತ್ತು ಕೊಡುವವರು, ಇಪ್ಪತ್ತು ವರ್ಷದ ಮೇಲೆ ಬಂದು ಬಯ್ದು ಹೋಗುವವರು. ಸತ್ತವನೇ ಎದ್ದು ಬಂದು ವಿಚಾರಿಸಿದ್ದು ಇದೇ ಮೊದಲು. ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಕುರ್ಚಿ ಎಳೆದು ಹಾಕಿ, "ಕೂತ್ಕೊಳ್ಳಿ. ಕಾಫಿ ಕುಡಿತೀರಾ, ಅಥವಾ ನಿಮ್ಮ ಕಡೆಯೋರು ಅದೆಲ್ಲ ಬಿಟ್ಟಿರ್ತೀರಾ?" ಅಂದಳು. ಹಾಲಿಸ್‌ಗೆ ನಗು ಬಂತು. ನೆಬ್ರಾಸ್ಕಾದಿಂದ ವಿಮಾನ ಹತ್ತಿದಾಗಿನಿಂದ ಅವನು ನಕ್ಕಿರಲಿಲ್ಲ.

ಅವನಿಗೆ ಈ ಸುದ್ದಿ ಕೊಟ್ಟವಳು ತಮ್ಮನ ಮಗಳು ಟಿಲ್ಡಾ. ಅವಳು ಈ ಊರಿಗೆ ಓದಲು ಬಂದಿದ್ದಳು. ಪಾರ್ಕಿನಲ್ಲಿ ಕೌದಿಗಳನ್ನು ಹಾಸಿದ್ದ ದಿನ ಗೆಳತಿಯರ ಜೊತೆ ಸುಮ್ಮನೆ ನೋಡಲು ಹೋಗಿ, ಮನೆತನದ ಹೆಸರು ಕಂಡು, ಅಲ್ಲಿಂದಲೇ ಫೋನು ಮಾಡಿದ್ದಳು. "ದೊಡ್ಡಪ್ಪ, ಬಯ್ಬೇಡಿ, ಒಂದ್ ಮಾತು ಕೇಳ್ತೀನಿ. ನೀವು ಸತ್ತೋಗಿದ್ರಾ?"

ಏಡ್ಸ್ ಈ ಊರಿನ ಗೇ ಗಂಡಸರನ್ನು ಬೀದಿ ಬೀದಿಯಾಗಿ ಗುಡಿಸಿಕೊಂಡು ಹೋದ ಕಾಲದಲ್ಲಿ ಎಷ್ಟೋ ಮಂದಿಗೆ ಗೋರಿಯೂ ಸಿಗಲಿಲ್ಲ. ಹೆತ್ತವರು ಹೆಣ ಒಯ್ಯಲು ಬರುತ್ತಿರಲಿಲ್ಲ, ಬಂದರೂ ಗೆಳೆಯರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆಗ ಉಳಿದವರು ಸತ್ತವನ ಹೆಸರಿನಲ್ಲಿ ಗೋರಿಯಷ್ಟೇ ಉದ್ದದ ಒಂದು ಬಟ್ಟೆ ಹೊಲಿಯುತ್ತಿದ್ದರು. ಅವನ ಅಂಗಿ, ಅವನ ಟೈ, ಅವನ ಚಪಲ, ಎಲ್ಲವೂ ಅದರ ಮೇಲೆ. ಅಂಥ ಎಂಟನ್ನು ಕೂಡಿಸಿದರೆ ಒಂದು ಚೌಕ. ಹಾಲಿಸ್ ಕೂಡ ಆ ದಿನಗಳಲ್ಲಿ ಹಲವರಿಗೆ ಹೊಲಿಯಲು ಕೂತವನೇ. ತನಗೂ ಯಾರೋ ಹೊಲಿದಿದ್ದಾರೆ ಎನ್ನುವುದೇ ಅವನ ತಲೆ ಕೆಡಿಸಿದ ಸಂಗತಿ.

ಹೊಲಿಯಲು ಯಾರಿದ್ದರು? ಅವನ ಬಳಗವೆಲ್ಲ ಅವನಿಗಿಂತ ಮೊದಲೇ ಹೋಗಿತ್ತು. ಅವನನ್ನು ಪ್ರೀತಿಸಿದ ಕಾರ್ಲೈಲ್ ಹೋದ, ಹಾಲಿಸ್ ಪಿಯಾನೋ ಬಾರಿಸುತ್ತಿದ್ದ ಬಾರಿನ ಮಾಲೀಕ ಹೋದ, ಅಲ್ಲಿ ಲೋಟ ತೊಳೆಯುತ್ತಿದ್ದವನೂ ಹೋದ. ಆಮೇಲೆ ಹಾಲಿಸ್ ತಾನೇ ಆಸ್ಪತ್ರೆಯ ಏಡ್ಸ್ ವಾರ್ಡಿನಲ್ಲಿ ಮಲಗಿದ. ಪ್ರಜ್ಞೆ ಇಲ್ಲದ ಅವನನ್ನು ತಮ್ಮ ಬಂದು ಕಾರಿನಲ್ಲಿ ಹಾಕಿಕೊಂಡು, ಸಾಯುವುದಾದರೆ ಅಮ್ಮನ ಮನೆಯಲ್ಲೇ ಸಾಯಲಿ ಎಂದು ನೆಬ್ರಾಸ್ಕಾಕ್ಕೆ ಒಯ್ದ. ಹಾಲಿಸ್ ಅಲ್ಲಿ ಸಾಯುತ್ತ ಸಾಯುತ್ತ ಎರಡು ವರ್ಷ ತಳ್ಳಿದ, ಅಷ್ಟರಲ್ಲಿ ಹೊಸ ಮಾತ್ರೆಗಳು ಬಂದವು, ಎದ್ದು ಕೂತ. ಆಮೇಲೆ ಶಾಲೆಗಳ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತ ಆ ಊರಿನಲ್ಲಿ ಮುದುಕನಾದ. ಊರಿನವರು ಒಳ್ಳೆಯವರೇ. ಆದರೆ ಇಪ್ಪತ್ತೆಂಟು ವರ್ಷದಿಂದ ಅವನ ಹರೆಯವನ್ನು ಕಣ್ಣಾರೆ ಕಂಡ ಒಂದೇ ಒಂದು ಜೀವವೂ ಅವನ ಎದುರಿಗೆ ಬಂದಿರಲಿಲ್ಲ. ತಾನು ಅಂಥವನೊಬ್ಬನಾಗಿದ್ದೆನೋ ಇಲ್ಲವೋ ಎಂದು ಅವನಿಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಈಗ ನೋಡಿದರೆ, ಅವನು ಸತ್ತನೆಂದು ದಿನಗಟ್ಟಲೆ ಕೂತು ಹೊಲಿದವರು ಒಬ್ಬರಿದ್ದಾರೆ. ಅವರು ಯಾರು, ಇನ್ನೂ ಇದ್ದಾರೆಯೇ ಎಂದು ತಿಳಿಯದೆ ವಾಪಸು ವಿಮಾನ ಹತ್ತುವುದಿಲ್ಲ ಎಂದು ಅವನು ಹಟ ಹಿಡಿದಿದ್ದ.

"ಕೊಟ್ಟೋರ ಹೆಸರಿಲ್ಲ," ಅಂದಳು ಒಡೆಸ್ಸಾ. "ಈ ಚೌಕ ಕೂಡಿಸಿದ್ದು ನಾನೇ. ತೊಂಬತ್ತೇಳರ ಬೇಸಿಗೆ. ನಿಮ್ಮದು ಒಂದು ಟೋಪಿ ಡಬ್ಬದಲ್ಲಿ ಮಡಚಿಟ್ಟು ಬಂದಿತ್ತು. ಬಾಗಿಲಲ್ಲಿ ಇಟ್ಟು ಹೋಗಿದ್ರು."

"ತೊಂಬತ್ತೇಳಾ? ಅಂದ್ರೆ ಮಾತ್ರೆ ಬಂದ್ಮೇಲೆ."

"ಹೂಂ. ಅಂದ್ರೆ ಕೊಟ್ಟೋರು ಮಾತ್ರೆ ತನಕ ಬದುಕಿದ್ರು. ಆಸೆ ಇಟ್ಕೊಳ್ಳಿ, ಆದ್ರೆ ಜಾಸ್ತಿ ಬೇಡ."

ಇಬ್ಬರೂ ಕೌದಿಯ ಮೇಲೆ ಬಗ್ಗಿದರು. ನಡುವೆ ಒಂದು ಬಟ್ಟೆಯ ತಟ್ಟೆ. ತಟ್ಟೆಯಲ್ಲಿ ಬಿಳಿ ಸ್ಯಾಟಿನ್ನಿನ ಎರಡು ಮೊಟ್ಟೆ, ಹಳದಿ ನಡುವಿಗೆ ಎರಡು ಗುಂಡಿ. ಪಕ್ಕದಲ್ಲಿ ಕಂದು ವೆಲ್ವೆಟ್ಟಿನ ತುಂಡುಗಳು, ಹುರಿದ ಆಲೂಗಡ್ಡೆ ಇರಬೇಕು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಮಹಾರಾಣಿಗೆ ಇಷ್ಟೇ ಸಾಕಂತೆ.

"ಇದೇನ್ರೀ, ಸತ್ತೋರನ್ನ ಹಂಗಿಸ್ದಂಗಿದೆ?" ಅಂದಳು ಒಡೆಸ್ಸಾ. "ನೀವು ಹೋಟ್ಲು ಇಟ್ಟಿದ್ರಾ?"

"ನಾನು ನೀರು ಕಾಯಿಸಿದ್ರೂ ಸೀಯುತ್ತೆ," ಅಂದ ಹಾಲಿಸ್. ಆದರೆ ಅವನ ಕಣ್ಣು ತಟ್ಟೆ ಬಿಟ್ಟು ಹುಟ್ಟಿದ ವರ್ಷದ ಮೇಲೆ ಹೋಗಿತ್ತು. "ಅಮ್ಮ, ಇದು ಸರಿಯಾಗಿದೆ. ಸರಿಯಾಗಿರೋದೇ ತಪ್ಪು."

"ಅಂದ್ರೆ?"

"ಈ ಊರಲ್ಲಿ ನಾನು ಎಲ್ರಿಗೂ ಆರು ವರ್ಷ ಕಮ್ಮಿ ಹೇಳ್ತಿದ್ದೆ. ಕಾರ್ಲೈಲ್‌ಗೂ ಅಷ್ಟೇ. ಪಾಪ, ನನ್ನ ಮೂವತ್ತನೇ ಹುಟ್ಟುಹಬ್ಬ ಅಂತ ಕೇಕ್ ತಂದಿದ್ದ, ನಂಗಾಗ ಮೂವತ್ತಾರು. ನಿಜವಾದ ವರ್ಷ ಯಾರಿಗೂ ಗೊತ್ತಿರ್ಲಿಲ್ಲ."

"ಯಾರಿಗೂ?"

ಹಾಲಿಸ್‌ನ ಬೆರಳು ಹಿನ್ನೆಲೆಯ ಬಟ್ಟೆಯ ಮೇಲೆ ಓಡುತ್ತಿತ್ತು. ಮಾಸಿದ ಹಳದಿ, ನಡುನಡುವೆ ಕಂದು ಗೀಟು. ಒಡೆಸ್ಸಾ ಮೇಲಂಚನ್ನು ಮಗುಚಿ ತೋರಿಸಿದಳು. ಅಲ್ಲಿ ಸಾಲಾಗಿ ತೂತುಗಳು, ಒಂದೊಂದಕ್ಕೂ ತಗಡಿನ ಬಳೆ. "ನೋಡಿ, ಇದು ಪರದೆ. ಆಸ್ಪತ್ರೆಲಿ ಮಂಚದ ಸುತ್ತ ಎಳೀತಾರಲ್ಲ, ಅದು. ಯಾರೋ ಕದ್ದು ತಂದು ಕತ್ತರಿಸಿದ್ದಾರೆ."

ಹಾಲಿಸ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಆ ಹಳದಿಯನ್ನು ಅವನು ಮರೆತಿರಲಿಲ್ಲ. ಅವನ ಮಂಚಕ್ಕೂ ಪಕ್ಕದ ಮಂಚಕ್ಕೂ ನಡುವೆ ತೂಗುತ್ತಿದ್ದ ಪರದೆ ಅದು. ಅದರ ಆಚೆಗೆ ಲಿಯಾಂಡರ್ ಇದ್ದ.

ಲಿಯಾಂಡರ್ ಲೂಸಿಯಾನಾ ಕಡೆಯವನು, ಟೋಪಿ ಮಾಡುವವನು. "ಊರಿಗೆಲ್ಲ ಟೋಪಿ ಹಾಕೋದೇ ನನ್ ಕಸುಬು ಕಣೇ" ಎಂದು ಮೊದಲ ದಿನವೇ ಹೇಳಿದ್ದ. ಆ ವಾರ್ಡಿನಲ್ಲಿ ಗಂಡಸರು ಗಂಡಸರನ್ನು ಕಣೇ, ಬಾರೇ, ಏನಮ್ಮಣ್ಣಿ ಎಂದೇ ಕರೆಯುತ್ತಿದ್ದರು. ಮೂಳೆ ಚಕ್ಕಳವಾಗಿ ಮಲಗಿದ್ದರೂ ಆ ಸಲಿಗೆಯ ಮಾತು ಮಾತ್ರ ಬಿಟ್ಟಿರಲಿಲ್ಲ. ಇಬ್ಬರಿಗೂ ಗಂಟಲಲ್ಲಿ ಹುಣ್ಣು, ಏನೂ ಇಳಿಯುತ್ತಿರಲಿಲ್ಲ. ಹಾಗಾಗಿ ಸಂಜೆಯಾದರೆ ಲಿಯಾಂಡರ್ ಪರದೆಯ ಆಚೆಯಿಂದ ಮಾಣಿಯ ದನಿ ತೆಗೆದು, "ಮಹಾರಾಣಿಯವ್ರು ಏನ್ ತಗೋತಾರೆ ಇವತ್ತು?" ಎಂದು ಕೇಳುತ್ತಿದ್ದ. ತನಗೆ ಸಿಗಡಿ, ಬಾತುಕೋಳಿ, ರಮ್ಮು ಸುರಿದ ಕೇಕು ಎಂದೆಲ್ಲ ಹೇಳಿಕೊಳ್ಳುತ್ತಿದ್ದ. ಹಾಲಿಸ್ ದಿನವೂ ಹೇಳುತ್ತಿದ್ದದ್ದು ಒಂದೇ, ಎರಡು ಮೊಟ್ಟೆ, ಹುರಿದ ಆಲೂಗಡ್ಡೆ. "ಥೂ ನಿನ್ನ, ಪುಕ್ಕಟೆ ಸಿಗೋ ಊಟಕ್ಕೂ ಜಿಪುಣತನ ಮಾಡ್ತೀಯಲ್ಲೇ" ಎಂದು ಲಿಯಾಂಡರ್ ಉಗಿಯುತ್ತಿದ್ದ. ಒಂದು ಮಧ್ಯಾಹ್ನ ಇನ್ನು ತಾನು ಉಳಿಯುವುದಿಲ್ಲ ಅನ್ನಿಸಿ, ಸುಳ್ಳು ಹೊತ್ತುಕೊಂಡು ಹೋಗುವುದು ಬೇಡವೆಂದು, ಹಾಲಿಸ್ ಅವನಿಗೆ ತನ್ನ ನಿಜವಾದ ವಯಸ್ಸು ಹೇಳಿದ್ದ. ಪರದೆಯ ಆಚೆಯಿಂದ, "ಗೊತ್ತಿತ್ತು ಕಣೇ. ಕತ್ತು ನೋಡಿದ್ರೆ ಗೊತ್ತಾಗಲ್ವಾ?" ಎಂಬ ಉತ್ತರ ಬಂದಿತ್ತು.

"ಅವನೇ ಹೊಲಿದಿರೋದು," ಅಂದ ಹಾಲಿಸ್. "ಆದ್ರೆ ಅದು ಹೇಗಾಗುತ್ತೆ? ಅವನು ನನಗಿಂತ ಮುಂಚೆ ಹೋದ."

"ನೀವು ನೋಡಿದ್ರಾ?"

"ರಾತ್ರಿ ನನ್ನನ್ನ ಗಾಲಿಕುರ್ಚಿಲಿ ಹೊರಗೆ ತಳ್ಕೊಂಡು ಹೋಗುವಾಗ ಒಂದ್ ನಿಮಿಷ ಎಚ್ಚರ ಆಗಿತ್ತು. ಅವನ ಮಂಚದ ಸುತ್ತ ಪರದೆ ಎಳೆದಿತ್ತು. ಪೂರ್ತಿ."

"ಅದಕ್ಕೇನೀಗ?"

ಅದಕ್ಕೇನು ಎಂದು ಅಲ್ಲಿ ಮಲಗಿದವರಿಗೆ ಹೇಳಿಕೊಡಬೇಕಿರಲಿಲ್ಲ. ಪರದೆ ಸುತ್ತಲೂ ಎಳೆದರೆ ಒಳಗಿನವನ ಕತೆ ಮುಗಿಯುತ್ತಿದೆ ಎಂದರ್ಥ. ಬೆಳಿಗ್ಗೆ ಮಂಚ ಖಾಲಿಯಾಗಿ, ಗಾದಿ ಬತ್ತಲೆಯಾಗಿದ್ದರೆ ಮುಗಿಯಿತು ಎಂದರ್ಥ. ಅವನೆಲ್ಲಿ ಹೋದ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ನರ್ಸು ಹೇಳಬೇಕು, ಹೇಳಿದರೆ ಅಳಬೇಕು, ದಿನಕ್ಕೊಬ್ಬನಿಗೆ ಅಳುವಷ್ಟು ಕಸುವು ಯಾರ ಮೈಯಲ್ಲಿತ್ತು? ಕೇಳದಿರುವುದೇ ಅಲ್ಲಿಯ ಮರ್ಯಾದೆಯಾಗಿತ್ತು. ಆ ಮರ್ಯಾದೆ ಹಾಲಿಸ್‌ನ ಬೆನ್ನು ಬಿಡದೆ ನೆಬ್ರಾಸ್ಕಾದವರೆಗೂ ಬಂತು. ಮಾತ್ರೆ ನುಂಗಿ ಎದ್ದ ವರ್ಷ ಒಮ್ಮೆ ಆ ವಾರ್ಡಿಗೆ ಫೋನು ಹಚ್ಚಿದ್ದ. ಆಚೆಯಿಂದ ಹಲೋ ಅಂದ ಕೂಡಲೇ ಇಟ್ಟುಬಿಟ್ಟಿದ್ದ. ಹೆಸರಿನ ಅರ್ಧ ಮಾತ್ರ ಗೊತ್ತಿದ್ದ ಒಬ್ಬ ಟೋಪಿಯವನನ್ನು ಏನೆಂದು ಕೇಳುವುದು? ಕೇಳದಿದ್ದರೆ ಅವನು ಸತ್ತಿರುವುದು ಖಚಿತವಾಗುವುದಿಲ್ಲ, ಅಷ್ಟೇ ಅವನಿಗೆ ಸಾಕಾಗಿತ್ತು.

ಒಡೆಸ್ಸಾ ಇದನ್ನೆಲ್ಲ ಕೇಳಿ ಸೂಜಿಗೆ ದಾರ ಪೋಣಿಸುತ್ತ, "ಖಾಲಿ ಮಂಚ ನೋಡಿ ಅವ್ನು ನಿಮ್ಮನ್ನ ಸಾಯಿಸಿದ. ಪರದೆ ನೋಡಿ ನೀವು ಅವನನ್ನ ಸಾಯಿಸಿದ್ರಿ. ಇಬ್ರೂ ಬಲೇ ಮರ್ಯಾದಸ್ಥರು," ಅಂದಳು. ಆಮೇಲೆ ದನಿ ಇಳಿಸಿ, "ನಾನಿದನ್ನ ಬಿಚ್ಚಿ ಕೊಡ್ಬೇಕಾ ನಿಮಗೆ? ಬದುಕಿರೋರದ್ದು ಇಲ್ಲಿರ್ಬಾರ್ದು. ಆದ್ರೆ ಬಿಚ್ಚಿದ್ರೆ ಅಕ್ಕಪಕ್ಕದೋರ ಹೊಲಿಗೇನೂ ಬಿಚ್ಚುತ್ತೆ," ಎಂದು ಕೇಳಿದಳು.

ಹಾಲಿಸ್ ಅಕ್ಕಪಕ್ಕ ನೋಡಿದ. ಎಡಕ್ಕೆ ಒಬ್ಬ ಅಗ್ನಿಶಾಮಕದವನು, ಬಲಕ್ಕೆ ಇಪ್ಪತ್ತೆರಡರಲ್ಲೇ ಹೋದ ಒಬ್ಬ ಕುಣಿಯುವ ಹುಡುಗ. ಇಷ್ಟು ವರ್ಷ ಜೊತೆಗಿದ್ದವರು. "ಬೇಡ, ಇರ್ಲಿ. ಹೊಲಿದವನನ್ನ ಕೇಳ್ದೆ ಏನೂ ಮಾಡ್ಬೇಡಿ," ಅಂದ.

"ಹಾಗಾದ್ರೆ ಹೋಗಿ ಕೇಳಿ. ಶುಕ್ರವಾರ ಕ್ಯಾಸ್ಟ್ರೋ ಪೇಟೆಯ ಚರ್ಚಿನ ಕೆಳಗೆ ಊಟ ಹಾಕ್ತಾರೆ, ನಿಮ್ಮ ಕಾಲದಿಂದ ಉಳಿದೋರೆಲ್ಲ ಅಲ್ಲಿಗೇ ಬರ್ತಾರೆ. ಬಾಯಿ ಬಿಟ್ಟು ಕೇಳಿ ಅಷ್ಟೇ."

ಬಾಯಿ ಬಿಡುವುದು ಅಷ್ಟು ಸುಲಭವಿರಲಿಲ್ಲ. ಶುಕ್ರವಾರ ಆ ನೆಲಮಾಳಿಗೆಯಲ್ಲಿ ಐವತ್ತು ಅರವತ್ತು ಮುದುಕರು ಸೂಪು ಹೀರುತ್ತ, ಒಬ್ಬರ ಮಂಡಿಯನ್ನು ಇನ್ನೊಬ್ಬರು ಆಡಿಕೊಳ್ಳುತ್ತ ಕೂತಿದ್ದರು. ಹಾಲಿಸ್‌ಗೆ ಗುರುತು ಹತ್ತಿದ ಮುಖ ಒಂದೂ ಇರಲಿಲ್ಲ. ಆದರೂ ಎಲ್ಲರೂ ಗುರುತಿನವರೇ ಅನ್ನಿಸಿತು. ಮಾತ್ರೆ ಬರುವ ಮೊದಲೇ ಕೆನ್ನೆ ಒಳಗೆ ಹೋದವರು, ಆ ಗುಂಡಿ ಇನ್ನೂ ತುಂಬದವರು. ಅವನು ಎರಡು ಸಲ ಬಾಯಿ ತೆರೆದು ಬ್ರೆಡ್ಡು ತುರುಕಿಕೊಂಡ. ಮೂರನೆಯ ಸಲ ಎದ್ದು ನಿಂತ.

"ಒಂದು ಮಾತು. ತೊಂಬತ್ನಾಲ್ಕರಲ್ಲಿ ವಾರ್ಡಲ್ಲಿ ನನ್ನ ಪಕ್ಕದ ಮಂಚದಲ್ಲಿ ಲಿಯಾಂಡರ್ ಅಂತ ಇದ್ದ. ಅವನೆಲ್ಲಿ ಹೋದ?"

ಚಮಚಗಳ ಸದ್ದು ನಿಂತಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಕ್ಕದಲ್ಲಿದ್ದವನು ಅವನ ತೋಳು ಹಿಡಿದು ಕೂರಿಸಿ, "ತೊಂಬತ್ನಾಲ್ಕರೋರನ್ನ ಹುಡುಕ್ಬಾರ್ದು ಮಾರಾಯ. ಊಟ ಮಾಡು," ಎಂದು ಪಿಸುಗುಟ್ಟಿದ. ಹಾಲಿಸ್‌ಗೆ ಕಿವಿ ಬಿಸಿಯಾಯಿತು. ತುಂಬಿದ ಸಭೆಯಲ್ಲಿ ಬಟ್ಟೆ ಕಳಚಿ ನಿಂತಂತಾಗಿ, ತಟ್ಟೆ ಎತ್ತಿಕೊಂಡು ಹೊರಟುಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಅಡುಗೆಯ ಬೆನಿಟೊ ಸೌಟು ಹಿಡಿದು ಒಳಗಿನಿಂದ ತಲೆ ಹಾಕಿದ. "ಯಾವ ಲಿಯಾಂಡರ್? ಟೋಪಿ ಲಿಯಾಂಡರಾ?"

ಹಾಲಿಸ್ ಹೌದೆಂದು ತಲೆಯಾಡಿಸಿದ.

"ಆ ಮುದಿ ಗೊಡ್ಡು ಎಲ್ಲೋಗುತ್ತೆ? ಹೋದ ವರ್ಷ ನನ್ನ ಸೂಪಿಗೆ ಪಾತ್ರೆ ತೊಳೆದ ನೀರು ಅಂದ. ನಾನು ಸೌಟು ತಗೊಂಡು ಅಟ್ಟಿಸ್ಕೊಂಡು ಹೋದೆ. ಅವತ್ತಿಂದ ಮುನಿಸ್ಕೊಂಡು ಬರ್ತಿಲ್ಲ, ನಾನೇ ಡಬ್ಬಿ ಕಟ್ಟಿ ಕಳಿಸ್ತಿದೀನಿ. ಎರಡು ಬೀದಿ ಆಚೆ, ಡ್ರೈಕ್ಲೀನರ್ ಮೇಲಿನ ಮನೆ."

ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಯಾರೋ ನಕ್ಕರು, ತೋಳು ಹಿಡಿದು ಕೂರಿಸಿದವನು ಕರವಸ್ತ್ರ ಹುಡುಕಿದ. ಅತ್ತ ಮೂಲೆಯಲ್ಲಿ ಒಬ್ಬ ಮೆಲ್ಲಗೆ ಎದ್ದು ನಿಂತು, "ಹಂಗಾದ್ರೆ ನಾನೂ ಒಬ್ಬನ್ನ ಕೇಳ್ಲಾ?" ಅಂದ. ಹಾಲಿಸ್ ಅದನ್ನು ಕೇಳಿಸಿಕೊಂಡನಾದರೂ ನಿಲ್ಲಲಿಲ್ಲ, ಅಡುಗೆಮನೆಗೆ ನುಗ್ಗಿದ್ದ.

"ಇವತ್ತಿನ ಡಬ್ಬಿ ನಾನು ಒಯ್ತೀನಿ," ಅಂದ ಬೆನಿಟೊಗೆ. "ಆದ್ರೆ ಸೂಪು ಬೇಡ. ಎರಡು ಮೊಟ್ಟೆ ಒಡೆದು ಹಾಕ್ತೀಯಾ? ಆಲೂಗಡ್ಡೆ ಹುರಿದು?"

"ಅವನು ತಿನ್ನಲ್ಲ ಅದನ್ನ. ಬಡವರ ತಿಂಡಿ ಅಂತಾನೆ."

"ಗೊತ್ತು. ನೀನು ಹಾಕು. ಡಬ್ಬಿ ಬೇಡ, ತಟ್ಟೇಲೇ ಕೊಡು."

ಮೆಟ್ಟಿಲು ಕಡಿದಾಗಿದ್ದವು. ಹಾಲಿಸ್ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿ, ಗೋಡೆ ಹಿಡಿದು ಹತ್ತಿ, ಬಾಗಿಲು ತಟ್ಟಿದ. ಒಳಗೆ ಚಪ್ಪಲಿ ಎಳೆಯುವ ಸದ್ದು. ಬಾಗಿಲು ತೆರೆದವನು ಸಣ್ಣಗೆ, ಕಪ್ಪಗೆ, ನೇರಳೆ ಬಣ್ಣದ ಹೆಂಗಸರ ಟೋಪಿ ಹಾಕಿಕೊಂಡು ನಿಂತಿದ್ದ. ತಂದವನ ಮುಖ ನೋಡುವ ಗೋಜಿಗೆ ಹೋಗಲಿಲ್ಲ, ಮೇಲಿನ ತಟ್ಟೆ ಎತ್ತಿದ.

"ಏನಿದು? ನನಗ್ಯಾರು ಹೇಳಿದ್ರು ಇದನ್ನ..." ಎಂದವನ ಮಾತು ಅಲ್ಲಿಗೇ ನಿಂತಿತು. ಮೊಟ್ಟೆಯನ್ನು ನೋಡಿದ, ಆಲೂಗಡ್ಡೆಯನ್ನು ನೋಡಿದ. ತಲೆ ಎತ್ತಲು ಅವನಿಗೆ ಬಹಳ ಹೊತ್ತು ಬೇಕಾಯಿತು.

"ಮಹಾರಾಣಿಗೆ ಇಷ್ಟೇ ಸಾಕು," ಅಂದ ಹಾಲಿಸ್.

ಲಿಯಾಂಡರ್ ಕೈ ಚಾಚಿ ಅವನ ಕತ್ತಿನ ನೆರಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದ, ಅಂಗಡಿಯಲ್ಲಿ ಬಟ್ಟೆ ಅಸಲಿಯೋ ಎಂದು ನೋಡುವ ಹಾಗೆ. ಆಮೇಲೆ ತಿರುಗಿ ಒಳಗೆ ಹೋಗಿ ಕೂತ. ಹಾಲಿಸ್ ಬಾಗಿಲು ಹಾಕಿಕೊಂಡು ಹಿಂದೆಯೇ ಹೋಗಿ ಎದುರಿಗೆ ಕೂತ. ಮೇಜಿನ ಮೇಲೆ ತಟ್ಟೆ ಹಬೆಯಾಡುತ್ತಿತ್ತು.

"ಪರದೆ ಎಳೆದಿತ್ತು," ಅಂದ ಹಾಲಿಸ್. "ನಾನು ಹೋದ ರಾತ್ರಿ. ನಿನ್ನ ಸುತ್ತ ಪೂರ್ತಿ ಎಳೆದಿತ್ತು."

"ಬೆಡ್‌ಪ್ಯಾನ್ ಮೇಲೆ ಕೂತಿದ್ದೆ ಕಣೇ," ಅಂದ ಲಿಯಾಂಡರ್. "ಸಾಯ್ತಾ ಇದ್ರೂ ಹೆಂಗ್ಸಿಗೆ ಮಾನ ಬೇಡ್ವಾ?"

ಇಬ್ಬರೂ ನಕ್ಕರು. ನಗುತ್ತ ನಗುತ್ತ ಲಿಯಾಂಡರ್‌ನ ಟೋಪಿ ಕಣ್ಣಿನ ಮೇಲೆ ಜಾರಿತು, ಅವನು ಅದನ್ನು ಸರಿಮಾಡಿಕೊಳ್ಳದೆ ಅದರ ಹಿಂದೆ ಅತ್ತ. ಹಾಲಿಸ್ ಅಳುವನ್ನು ಮುಚ್ಚಿಡಲಿಲ್ಲ, ಮೇಜಿಗೆ ಕೈಯೂರಿ ಬಿಕ್ಕಿದ. ತನಗಾಗಿ ಅತ್ತವನು ಕಣ್ಣೆದುರಿಗೇ ಅಳುತ್ತಿದ್ದಾನೆ ಎಂಬ ಸಂತೋಷವನ್ನು ಅವನ ಎದೆ ತಡೆದುಕೊಳ್ಳಲಾರದೆ ಹೋಯಿತು.

"ಚೆನ್ನಾಗಿದ್ಯಾ?" ಎಂದು ಕೊನೆಗೆ ಲಿಯಾಂಡರ್ ಕೇಳಿದ. "ನನ್ನ ಹೊಲಿಗೆ?"

"ಆಲೂಗಡ್ಡೆ ಸ್ವಲ್ಪ ಜಾಸ್ತಿ ಹುರಿದಿದೆ. ಒಡೆಸ್ಸಾ ಅಂತ ಒಬ್ರು, ಬಿಚ್ಚಿ ಕೊಡ್ಲಾ ಅಂತ ಕೇಳಿದ್ರು."

"ಬಿಚ್ಚಿಸ್ಬೇಡ. ಪರದೆ ಕದ್ದು, ಗಾದಿ ಅಡಿಯಲ್ಲಿ ಬಚ್ಚಿಟ್ಟು, ಮೂರು ವರ್ಷ ಹೊಲಿದಿದೀನಿ. ಕೈ ನಡುಗ್ತಿತ್ತು, ಸೂಜಿ ಹಿಡಿಯಕ್ಕೆ ಆಗ್ತಿರ್ಲಿಲ್ಲ. ಇದನ್ನ ಮುಗಿಸೇ ಸಾಯ್ತೀನಿ ಅಂತ ಕೂತೆ, ಮುಗಿಯೋ ಹೊತ್ತಿಗೆ ಮಾತ್ರೆ ಬಂತು. ಇರ್ಲಿ ಬಿಡು, ಹೇಗೂ ಒಂದಿನ ಬೇಕಾಗುತ್ತಲ್ಲ."

ಅವನು ಒಂದು ಮೊಟ್ಟೆಯನ್ನು ಹಾಲಿಸ್‌ನ ಕಡೆಗೆ ತಳ್ಳಿ, ಇನ್ನೊಂದನ್ನು ತಾನು ತಿಂದ. ಮುಖ ಸಿಂಡರಿಸಲಿಲ್ಲ, ಬಡವರ ತಿಂಡಿ ಅನ್ನಲಿಲ್ಲ. ಆಲೂಗಡ್ಡೆಯ ಕೊನೆಯ ತುಂಡನ್ನು ಮುಳ್ಳುಚಮಚದಲ್ಲಿ ಚುಚ್ಚಿ, ಬಾಯಿಗಿಡದೆ ಹಾಗೆಯೇ ಹಿಡಿದು ಕೂತ. ಏನನ್ನೋ ಕೇಳಬೇಕೆಂದು ಅವನ ತುಟಿ ಅಲುಗುತ್ತಿತ್ತು. ಆ ವಾರ್ಡಿನಲ್ಲಿ ಯಾರೂ ಯಾರನ್ನೂ ಕೇಳದಿದ್ದ ಮಾತು ಅದು ಎಂದು ಹಾಲಿಸ್‌ಗೆ ತಿಳಿಯಿತು.

"ಬೆಳಿಗ್ಗೆ ಎದ್ದು ನೋಡ್ತೀನಿ, ಮಂಚ ಖಾಲಿ," ಅಂದ ಲಿಯಾಂಡರ್. ದನಿ ಚಿಕ್ಕ ಮಗುವಿನದಾಗಿತ್ತು. "ಎಲ್ಲಿಗೆ ಹೋಗಿದ್ಯೇ?"

ಹಾಲಿಸ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳತೊಡಗಿದ.